ಹಗೇವಿನ ಮೇಲಿನ ಹುಲ್ಲು

ಮಳೆಗಾಲದಲ್ಲಿ ಗುರಲಿಂಗಪ್ಪನ ಅಂಗಳಕ್ಕೆ ಚಪ್ಪಲಿ ಮೆಟ್ಟಿಕೊಂಡು ಬಂದವರು ಬರಿಗಾಲಲ್ಲಿ ವಾಪಸು ಹೋಗುತ್ತಿದ್ದರು. ಎರಡರಲ್ಲಿ ಒಂದಾದರೂ ಸಿಕ್ಕರೆ ಅವರ ಪುಣ್ಯ. ಝಳಕಿ ಊರೊಳಗೆ ಅಂಥ ರಾಡಿ ಇನ್ಯಾರ ಮನೆ ಮುಂದೂ ಇರಲಿಲ್ಲ. ಅದೇನು ದೇವರು ಕೊಟ್ಟ ರಾಡಿಯಲ್ಲ ಮತ್ತೆ, ಗುರಲಿಂಗಪ್ಪ ತಾನೇ ಚಕ್ಕಡಿ ಹೂಡಿಕೊಂಡು ಹೋಗಿ ಹೇರಿಕೊಂಡು ಬಂದದ್ದು.

ಅದಕ್ಕೂ ಮೊದಲು ಆ ಅಂಗಳ ಗಟ್ಟಿ ಗರಸಿನ ನೆಲವಾಗಿತ್ತು. ಎಂಥ ಮಳೆ ಬಿದ್ದರೂ ನೀರು ಗೋಡೆ ಬುಡದ ಕಾಲುವೆ ಹಿಡಿದು ಓಣಿಗೆ ಇಳಿದುಬಿಡುತ್ತಿತ್ತು. ಎಪ್ಪತ್ತನಾಲ್ಕರಲ್ಲಿ ಇಂಡಿ ಸಂತೆಗೆ ಹೋದವನಿಗೆ ಯಾರೋ ಲಿಂಬೆ ಗಿಡದ ಹುಚ್ಚು ಹಿಡಿಸಿದರು. ಗರಸಿನಲ್ಲಿ ಗಿಡ ಏಳುವುದಿಲ್ಲವೆಂದು ಹೊಲದಿಂದ ಇಪ್ಪತ್ತು ಚಕ್ಕಡಿ ಜಿಗುಟಾದ ಕರಿ ಎರಿ ಮಣ್ಣು ತಂದು ಅಂಗಳದ ತುಂಬ ಸುರುವಿದ. ಕಾಲುವೆ ಹೂತುಹೋಯಿತು. ಮೊದಲ ದೊಡ್ಡ ಮಳೆಗೇ ಲಿಂಬೆ ಸಸಿಗಳು ನೀರು ಕುಡಿದು ಕುಡಿದು ಸತ್ತವು. ಮಣ್ಣು ಮಾತ್ರ ಉಳಿಯಿತು. ಅದನ್ನು ತೆಗೆಸಿರಿ ಎಂದು ಯಾರಾದರೂ ಬಾಯಿಬಿಟ್ಟರೆ ಗುರಲಿಂಗಪ್ಪನ ಮೀಸೆ ನೆಟ್ಟಗಾಗುತ್ತಿತ್ತು.

ಆ ಅಂಗಳದ ನಡುವೆಯೇ ಮನೆಯ ಹಗೇವು ಇತ್ತು. ನೆಲದೊಳಗೆ ಆಳು ಎತ್ತರಕ್ಕೂ ಆಳವಾಗಿ ತೋಡಿ, ಒಳಗೆಲ್ಲ ಜೋಳದ ಕಣಿಕೆಯ ಮೆತ್ತೆ ಕೊಟ್ಟು, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿದ ಹಗೇವು. ಗುರಲಿಂಗಪ್ಪನ ಹೆಂಡತಿ ಶೇವಂತೆವ್ವ ಪ್ರತಿವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಆ ಕಲ್ಲಿನ ಮೇಲೆ ಹದಮಾಡಿದ ಮಣ್ಣು ಮೆತ್ತಿ, ಸಗಣಿ ಸಾರಿಸಿ, ಎಮ್ಮೆಯ ಬೆನ್ನಿನ ಹಾಗೆ ಉಬ್ಬಿದ ದಿಬ್ಬ ಕಟ್ಟುತ್ತಿದ್ದಳು. ನೀರು ಅದರ ಮೇಲೆ ನಿಲ್ಲಬಾರದು, ಆಚೀಚೆ ಜಾರಿ ಹೋಗಬೇಕು. ಎಪ್ಪತ್ತೆರಡರ ಬರದಲ್ಲಿ ಸರಕಾರದ ಕಾಮಗಾರಿಯ ಮೇಲೆ ಕಲ್ಲು ಒಡೆದು ಕೆಂಪು ಜೋಳ ತಂದು ತಿಂದವಳು ಆಕೆ. ಇನ್ನೊಮ್ಮೆ ಪರರ ಕಾಳಿಗೆ ಕೈ ಒಡ್ಡಲಾರೆ ಎಂದು ಅಂದಿನಿಂದ ಹಗೇವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಊಟಕ್ಕೆ ಕೂತಾಗ ನಾಲ್ಕು ಹನಿ ಬಿದ್ದರೆ ಸಾಕು, ಮುರಿದ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು ಹೋಗಿ ದಿಬ್ಬ ನೋಡಿ ಬರುವಳು.

"ಹಗೇವಿಗೆ ಕಾಲು ಬಂದು ಓಡಿ ಹೋಗತೈತೇನ? ಉಣ್ಣ ಬಾ," ಎಂದು ಗಂಡ ರೇಗಿಸುವನು.

"ನೀವು ಉಣ್ರಿ. ಉಣ್ಣಾಕ ಐತಿ ಅಂತ ಉಣ್ಣಾಕತ್ತೀರಿ," ಎಂದು ಆಕೆ ಅಂಗಳದಿಂದಲೇ ಉತ್ತರ ಕೊಡುವಳು.

ಎಪ್ಪತ್ತೇಳರ ಶ್ರಾವಣದಲ್ಲಿ, ನೀರಿನ ಕೊಡ ಹೊತ್ತುಕೊಂಡು ಬರುವಾಗ ಆ ಎರಿ ಮಣ್ಣಿನಲ್ಲಿ ಶೇವಂತೆವ್ವನ ಕಾಲು ಜಾರಿತು. "ಯವ್ವಾ, ಸತ್ನೆ!" ಎಂದು ಕೂಗಿದ್ದು ಹಿಂದಿನ ಓಣಿಯ ಸುಲ್ತಾನಬಿಗೂ ಕೇಳಿಸಿತಂತೆ. ಬಲಗಾಲಿನ ಹರಡು ಬಾತು ಗಡಿಗೆಯಾಯಿತು. ಅಂದಿನಿಂದ ಆಕೆಯ ಹಾಸಿಗೆ ಪಡಸಾಲೆಗೆ ಬಂತು. ಮನೆಯ ಕೆಲಸವೆಲ್ಲ ಸೊಸೆ ಇಂದ್ರಾಬಾಯಿಯ ಮೇಲೆ ಬಿತ್ತು.

ಇಂದ್ರಾಬಾಯಿ ಆ ಮನೆಗೆ ಬಂದು ಎರಡು ವರ್ಷ. ಬಡವರ ಮನೆಯ ಹುಡುಗಿ. ತವರಿನಿಂದ ಏನೂ ತರಲಿಲ್ಲವೆಂದು ಅತ್ತೆ ನೇರವಾಗಿ ಎಂದೂ ಅಂದವಳಲ್ಲ. ಆದರೆ ನೆರೆಮನೆಯ ಸೊಸೆ ತಂದ ಹಿತ್ತಾಳೆ ಹಂಡೆಯ ಸುದ್ದಿಯನ್ನು ವಾರಕ್ಕೆರಡು ಸಲ ತೆಗೆಯುತ್ತಿದ್ದಳು. ಅದು ಯಾರಿಗೆ ಹೇಳಿದ್ದು ಎಂದು ಇಂದ್ರಾಬಾಯಿಗೆ ತಿಳಿಯದೇ?

ಅತ್ತೆ ಬಿದ್ದ ಮೂರನೇ ದಿನ, ಮಾವನ ತಟ್ಟೆಗೆ ರೊಟ್ಟಿ ಹಾಕುತ್ತ ಇಂದ್ರಾಬಾಯಿ ಧೈರ್ಯ ಮಾಡಿ ಬಾಯಿಬಿಟ್ಟಳು.

"ಮಾಮಾ, ಈ ಎರಿ ತಗಸೂಣ್ರಿ. ಮೊದಲಿನಂಗ ಗರಸು ಮಾಡಿ ಕಾಲಿವಿ ಬಿಡಿಸಿದ್ರ ನೀರು ನಿಲ್ಲಂಗಿಲ್ಲ."

"ಎರಿ ಅಂದ್ರ ಬಂಗಾರ. ಬಂಗಾರ ಒಯ್ದು ಹೊರಗ ಚೆಲ್ಲು ಅಂತೀ?"

"ಆ ಬಂಗಾರದಾಗಽ ಕಾಲು ಮುರಕೊಂಡು ಬಿದ್ದೇನಿ ನಾ!" ಎಂದು ಶೇವಂತೆವ್ವ ಪಡಸಾಲೆಯಿಂದ ಕೂಗಿದಳು.

"ನೋಡಿ ಅಡ್ಡಾಡಬೇಕು. ನನ್ನ ಕಾಲು ಯಾಕ ಜಾರೂದಿಲ್ಲ?"

"ನೀವು ಎಂದಾರ ಕೊಡ ಹೊತ್ತು ಬಂದೀರೇನ?"

ಸೋಮನಿಂಗ, ಇಂದ್ರಾಬಾಯಿಯ ಗಂಡ, ತಲೆ ತಗ್ಗಿಸಿ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದಿದ. ಅಪ್ಪ ಅವ್ವನ ಜಗಳದಲ್ಲಿ ಅವನಿಗೆ ಯಾವಾಗಲೂ ಹಸಿವು ಜಾಸ್ತಿ.

"ನೀವರ ಒಂದು ಮಾತು ಹೇಳ್ರಿ," ಎಂದಳು ಇಂದ್ರಾಬಾಯಿ ಗಂಡನಿಗೆ.

"ಇನ್ನೊಂದಿಷ್ಟು ಶೇಂಗಾ ಹಿಂಡಿ ಹಾಕು," ಎಂದ ಸೋಮನಿಂಗ.

ಇಂದ್ರಾಬಾಯಿಯ ಅಣ್ಣ ಅಮೋಘಸಿದ್ಧ ಸೊಲ್ಲಾಪುರದಲ್ಲಿ ಮಂಟಪ ಹಾಕುವ ಗುತ್ತೇದಾರನ ಹತ್ತಿರ ದುಡಿಯುತ್ತಿದ್ದ. ಲಾರಿಯ ಮೇಲೆ ಬಿಜಾಪುರಕ್ಕೆ ಹೋಗುವಾಗ ಝಳಕಿಯ ಚಹಾದ ಅಂಗಡಿಯ ಮುಂದೆ ಇಳಿದು ತಂಗಿಯನ್ನು ಮಾತಾಡಿಸಿ ಹೋಗುವುದು ವಾಡಿಕೆ. ಆ ಸಲ ಬಂದಾಗ ತಂಗಿಯ ಮೊಣಕಾಲವರೆಗೂ ರಾಡಿ ಮೆತ್ತಿದ್ದು ನೋಡಿ ಹೋದ. ಹದಿನೈದು ದಿನಕ್ಕೆ ಮತ್ತೆ ಬಂದ. ಲಾರಿಯಿಂದ ನಾಲ್ಕು ಜನ ಹಿಡಿದು ಇಳಿಸಿದ್ದು ಎತ್ತಿನ ಗಾತ್ರದ ಒಂದು ಸುರುಳಿ. ಬಿಚ್ಚಿದರೆ ಹಸಿರೇ ಹಸಿರು.

"ಏನಣ್ಣಾ ಇದು?"

"ಪ್ಲಾಸ್ಟಿಕ್ ಹುಲ್ಲು. ಮುಂಬೈದಾಗ ಒಂದು ದೊಡ್ಡ ಪ್ರದರ್ಶನಕ್ಕ ಹಾಸಿದ್ರು. ಮುಗದ ಮ್ಯಾಲ ಒಯ್ದು ಒಗಿ ಅಂದ್ರು. ನಮ್ಮ ಇಂದ್ರಿ ಅಂಗಳಕ್ಕ ಆಗ್ತೈತಿ ಅಂತ ತಂದೆ. ಇದರ ಮ್ಯಾಲ ನಡದ್ರ ಕಾಲಿಗೆ ಒಂದು ಚೂರು ರಾಡಿ ಹತ್ತೂದಿಲ್ಲ."

ಅಂದು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎಲುಬಿನ ಕಟ್ಟು ಬದಲಿಸಲು ಶೇವಂತೆವ್ವನನ್ನು ಚಕ್ಕಡಿಯಲ್ಲಿ ದೇವಣಗಾಂವಕ್ಕೆ ಕರೆದುಕೊಂಡು ಹೋಗಿದ್ದರು, ಗಂಡನೂ ಮಗನೂ ಜೊತೆಗೆ. ಅಣ್ಣ ತಂಗಿ ಇಬ್ಬರೇ ಹುಲ್ಲು ಹಾಸಿದರು. ಎಲ್ಲ ಕಡೆ ಸರಿಯಾಗಿ ಕೂತಿತು. ನಡುವೆ ಮಾತ್ರ ದಿಬ್ಬದ ಮೇಲೆ ಸುಕ್ಕು ಬಿದ್ದು ಎದ್ದು ನಿಂತಿತು.

"ಇದೊಂದು ಗುಡ್ಡ ಅಡ್ಡ ಬರಾಕತ್ತೈತಿ. ಅತ್ತಿ ಮತ್ತ ಎಡವಿ ಬಿದ್ದಾರು. ಸಮ ಮಾಡು," ಎಂದ ಅಮೋಘಸಿದ್ಧ.

"ಹಗೇವಿನ ದಿಬ್ಬ ಅಣ್ಣಾ. ಅತ್ತಿ ಬೈತಾರ."

"ಹುಚ್ಚಿ, ಮ್ಯಾಲ ಪ್ಲಾಸ್ಟಿಕ್ ಇರ್ತೈತಿ. ಕೆಳಗ ನೀರು ಎಲ್ಲಿಂದ ಬರ್ತೈತಿ?"

ಮಾತು ಸರಿ ಅನ್ನಿಸಿತು. ಇಂದ್ರಾಬಾಯಿಯೇ ಸಲಿಕೆ ಹಿಡಿದಳು. ಅತ್ತೆ ವರ್ಷಾ ವರ್ಷಾ ಕೈಯಾರೆ ಮೆತ್ತಿದ ದಿಬ್ಬವನ್ನು ಹೆರೆದು ಹೆರೆದು ನೆಲಕ್ಕೆ ಸಮ ಮಾಡಿದಳು. ಅದರ ಮೇಲೆ ಹುಲ್ಲು ಮಗುವಿನ ತಲೆ ಸವರಿದಂತೆ ನುಣ್ಣಗೆ ಕೂತಿತು.

ಸಂಜೆ ಚಕ್ಕಡಿ ಬಾಗಿಲಿಗೆ ಬಂದಾಗ ಎತ್ತುಗಳೇ ಮೊದಲು ಬೆದರಿದವು. ಗುರಲಿಂಗಪ್ಪ ಕೆಳಗಿಳಿದು ಹುಲ್ಲಿನ ಮೇಲೆ ಒಂದು ಕಾಲಿಟ್ಟ, ಇನ್ನೊಂದು ಕಾಲಿಟ್ಟ, ಕಾಲೆತ್ತಿ ಅಂಗಾಲು ನೋಡಿಕೊಂಡ. ರಾಡಿಯಿಲ್ಲ!

"ಭಲೆ ಅಮೋಘಾ! ಎರಿ ತಗೀಬೇಕು ಅಂತ ನನ್ನ ತಲಿ ತಿನ್ನಾಕತ್ತಿದ್ರು. ನೋಡ್ರಿ ಈಗ! ಎರಿಗೆ ಎರಿನೂ ಉಳೀತು, ಅಂಗಳಕ್ಕ ಅಂಗಳಾನೂ ಆತು."

ಮರುದಿನದಿಂದ ಊರೇ ಬಂತು ನೋಡಲು. ಯಾರದೋ ಆಡು ಬಂದು ಒಂದು ಬಾಯಿ ಹಾಕಿ, ಮುಖ ಕಿವುಚಿ ಹೋಯಿತು. ಸುಲ್ತಾನಬಿ ಕೂತು ಕೈಯಾಡಿಸಿ, "ಇದರ ಬೀಜ ಎಲ್ಲಿ ಸಿಗ್ತಾವ ಇಂದ್ರವ್ವಾ? ನಮ್ಮ ಎಮ್ಮಿಗೆ ಬ್ಯಾಡ, ನಾನಽ ಮಲಗತೇನಿ," ಎಂದು ನಗಿಸಿದಳು. ಗುರಲಿಂಗಪ್ಪ ಹೊರಸು ತಂದು ಅಂಗಳದ ನಡುವೆ ಹಾಕಿಕೊಂಡು ಬಂದವರಿಗೆಲ್ಲ ಚಹಾ ಕುಡಿಸಿದ. ಶೇವಂತೆವ್ವ ಗೋಡೆ ಹಿಡಿದು ಹೊಸ್ತಿಲವರೆಗೆ ಬಂದು ನೋಡಿ, "ನಿಮ್ಮಣ್ಣ ಭಾಳ ಶ್ಯಾಣ್ಯಾ ಇದ್ದಾನ ಬಿಡು. ತವರು ಅಂದ್ರ ಹಿಂಗಿರಬೇಕು," ಎಂದಳು. ಎರಡು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ಹೊಗಳಿಕೆ! ಇಂದ್ರಾಬಾಯಿ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿತ್ತಾಳೆ ಹಂಡೆಯ ಸುದ್ದಿ ಅಂದಿನಿಂದ ನಿಂತಿತು. ದಿಬ್ಬದ ಮಾತು ಅತ್ತೆಗೆ ಹೇಳಬೇಕೆಂದುಕೊಂಡವಳು ನಾಳೆ ಹೇಳಿದರಾಯಿತು ಎಂದು ಮುಂದಕ್ಕೆ ಹಾಕಿದಳು.

ಆ ನಾಳೆ ಬರಲಿಲ್ಲ, ಉತ್ತರಿ ಮಳೆ ಬಂತು. ಮೂರು ದಿನ ಹಗಲೂ ಇರುಳೂ ಸುರಿಯಿತು. ಹುಲ್ಲು ಮೇಲೆ ಹಸಿರಾಗಿಯೇ ಇತ್ತು, ಆದರೆ ಕಾಲಿಟ್ಟರೆ ಪಚಕ್ಕೆಂದು ಕೆಳಗಿನಿಂದ ಕರಿ ನೀರು ಚಿಮ್ಮುತ್ತಿತ್ತು. ಮಳೆ ನಿಂತು ಬಿಸಿಲು ಬಿತ್ತು. ಬೇರೆಯವರ ಅಂಗಳಗಳೆಲ್ಲ ಎರಡು ದಿನಕ್ಕೆ ಒಣಗಿದವು. ಇವರ ಅಂಗಳ ಮಾತ್ರ ಒಣಗಲೇ ಇಲ್ಲ. ಒಣಗುವುದಾದರೂ ಹೇಗೆ? ಬಿಸಿಲು ನೆಲಕ್ಕೆ ತಾಗಬೇಕಲ್ಲ. ಕಸ ಗುಡಿಸುವಾಗ ಇಂದ್ರಾಬಾಯಿ ನಡುವಿನ ಜಾಗ ನೋಡಿದಳು. ದಿಬ್ಬವಿದ್ದ ಕಡೆ ಹುಲ್ಲು ಒಂದು ಗೇಣು ಕುಸಿದು ತಟ್ಟೆಯ ಹಾಗೆ ತಗ್ಗಾಗಿತ್ತು. ಆ ತಗ್ಗಿನಲ್ಲಿ ನಿಂತ ನೀರಿನಲ್ಲಿ ಒಂದೊಂದೇ ಗುಳ್ಳೆ ಏಳುತ್ತಿತ್ತು. ನೀರು ಹಗೇವಿಗೆ ಇಳಿಯುತ್ತಿತ್ತು!

ಅಂದಿನಿಂದ ಆಕೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋದವಳು ಹೊರಗೆ, ಹೊರಗೆ ಬಂದವಳು ಒಳಗೆ. ರೊಟ್ಟಿ ಬಡಿಯುವಾಗ ಹಂಚಿನ ಮೇಲಿನದು ಕರಕಾಗಿ ಹೊಗೆ ಎದ್ದಮೇಲೆ ಎಚ್ಚರ. ಗಂಡ ಹೊಲಕ್ಕೆ ಬುತ್ತಿ ಕೇಳಿದರೆ ನೀರಿನ ಗಿಂಡಿ ತಂದು ಕೊಟ್ಟಳು.

"ಏನಾಗೇತಿ ನಿನಗ?" ಎಂದ ಸೋಮನಿಂಗ.

"ರೀ, ಹಗೇವಿಗೆ ನೀರು ಹೊಕ್ಕಿದ್ರ?"

"ಅವ್ವನ ದಿಬ್ಬ ಐತಿ. ಇಷ್ಟು ವರ್ಷ ಹೊಗದ್ದು ಈಗ ಹೊಗ್ತೈತೇನ?"

ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅವನು ಆಗಲೇ ಎತ್ತು ಬಿಚ್ಚಲು ಹೋಗಿದ್ದ.

ವಾಸನೆ ಶುರುವಾದದ್ದು ಮರುವಾರ. ಹುಳಿತ ನುಚ್ಚಿನ ವಾಸನೆ, ಗಾಳಿ ಬೀಸಿದಾಗ ಪಡಸಾಲೆಗೆ ಬರುವುದು. ಶೇವಂತೆವ್ವ ಮೂಗು ಅರಳಿಸಿದಳು.

"ಏನೋ ಹುಳಿ ನಾರಾಕತ್ತೈತಲ್ಲ ಹುಡುಗೀ?"

"ನಿನ್ನಿ ಪುಂಡಿಪಲ್ಯ ಉಳಿದಿತ್ತು ಅತ್ತಿ. ಚೆಲ್ಲಿದೆ," ಎಂದಳು ಇಂದ್ರಾಬಾಯಿ. ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ಆಕೆಗೇ ತನ್ನ ಮೇಲೆ ಹೇಸಿಗೆಯಾಯಿತು.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹುಲ್ಲಿನ ಅಂಚು ಮಡಚಿ, ಬುಟ್ಟಿ ತುಂಬ ಒಣ ಮಣ್ಣು ಹಿಡಿದು ತಗ್ಗು ತುಂಬಲು ಹೋದಳು. ಗುರಲಿಂಗಪ್ಪ ಕಂಡುಬಿಟ್ಟ.

"ಏಯ್! ಹುಲ್ಲು ಹರೀತೀ ಏನ? ಬರೂ ವಾರ ದಸರಾಕ್ಕ ನಾಲ್ಕು ಮಂದಿ ಹಿರ್‍ಯಾರು ಬನ್ನಿ ಕೊಡಾಕ ಬರೂವರು ಅದಾರ!"

"ಕೆಳಗ ಒಣಗವಲ್ದು ಮಾಮಾ. ಒಂದೆರಡು ದಿನ ಬಿಸಲು ಬೀಳಲಿ."

"ಕೆಳಗಿಂದು ಯಾರಿಗೆ ಕಾಣಸ್ತೈತಿ?"

ಅಂದೇ ಸಂಜೆ ಆತ ಜಾಲಿ ಗೂಟ ಕೆತ್ತಿ ಹುಲ್ಲಿನ ನಾಲ್ಕೂ ಅಂಚಿಗೆ ಬಡಿದ. ಸುತ್ತಿಗೆಯ ಒಂದೊಂದು ಏಟೂ ಇಂದ್ರಾಬಾಯಿಯ ತಲೆಯೊಳಗೆ ಬಿದ್ದಂತಾಯಿತು.

ಮನೆಯೊಳಗಿನ ಚೀಲಗಳು ತಳ ಕಂಡಿದ್ದವು. ದಸರಾ ದಾಟಿದ ಮೇಲೆ ಹಗೇವು ತೆಗೆಯುವುದು ಮನೆಯ ಪದ್ಧತಿ, ಅಲ್ಲಿಂದ ಸುಗ್ಗಿಯವರೆಗೆ ಅದೇ ಅನ್ನ. ಹನ್ನೆರಡು ಚೀಲ ಬಿಳಿಜೋಳ. ಇಂದ್ರಾಬಾಯಿಗೆ ಕಣ್ಣು ಮುಚ್ಚಿದರೆ ಅವೇ ಕಾಣುತ್ತಿದ್ದವು. ಸುಮ್ಮನಿದ್ದರೆ ಇನ್ನೆಂಟು ದಿನ ಆಕೆ ಒಳ್ಳೆಯ ಸೊಸೆ, ಆಕೆಯ ಅಣ್ಣ ಶ್ಯಾಣ್ಯಾ. ಆ ಎಂಟು ದಿನದಲ್ಲಿ ಉಳಿಯುವ ಕಾಳೂ ಹೋಗುತ್ತದೆ.

ಮರುದಿನ ಬೆಳಿಗ್ಗೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಶೇವಂತೆವ್ವ ತಾನಾಗಿಯೇ ಶುರುಮಾಡಿದಳು.

"ಎರಡು ಕೂಸಿಗೆ ಮಾಡೂವಷ್ಟು ಚಾಕರಿ ಮಾಡಾಕತ್ತೀ ನನಗ. ಹಡದ ಮಗಳೂ ಮಾಡೂದಿಲ್ಲ."

ಇಂದ್ರಾಬಾಯಿಯ ಕೈ ನಿಂತಿತು.

"ಅತ್ತಿ, ದಿಬ್ಬ ಇಲ್ಲ."

"ಯಾವ ದಿಬ್ಬ?"

"ಹಗೇವಿನ ದಿಬ್ಬ. ಹುಲ್ಲು ಸಮ ಕುಂಡ್ರಲಿ ಅಂತ ನಾನಽ ಹೆರದೇನಿ. ನೀವು ದೇವಣಗಾಂವಕ್ಕ ಹೋದ ದಿನ. ಆ ವಾಸನಿ ಪುಂಡಿಪಲ್ಯದ್ದಲ್ಲ ಅತ್ತಿ."

ಕೈಯೊಳಗಿದ್ದ ಕಾಲು ಕಲ್ಲಿನಂತೆ ಬಿಗಿಯಿತು. ಶೇವಂತೆವ್ವ ಸೊಸೆಯ ಮುಖ ನೋಡಿದಳು. ಗೋಡೆ ಹಿಡಿದು ಎದ್ದಳು. ಒಂದೂವರೆ ತಿಂಗಳಿನಿಂದ ನೆಲಕ್ಕೆ ಊರದ ಕಾಲನ್ನು ಊರಿದಳು. ಹಲ್ಲು ಕಚ್ಚಿಕೊಂಡು ಅಂಗಳಕ್ಕೆ ಹೋದವಳು ಬಗ್ಗಿ ಗೂಟಕ್ಕೆ ಕೈ ಹಾಕಿದಳು.

"ಅದಕ್ಯಾಕ ಕೈ ಹಚ್ತೀ?" ಎಂದು ಗುರಲಿಂಗಪ್ಪ ಹೊರಸಿನಿಂದ ಎದ್ದ.

"ಸರೀರಿ ಆ ಕಡೆ! ಮನಿ ಅನ್ನ ಕೊಳ್ಯಾಕತ್ತೈತಿ, ಇವರಿಗೆ ಹುಲ್ಲು ಬೇಕಂತ ಹುಲ್ಲು!"

ಆ ದನಿ ಕೇಳಿ ಸೋಮನಿಂಗ ಎತ್ತು ಬಿಟ್ಟು ಓಡಿ ಬಂದ. ಇಂದ್ರಾಬಾಯಿಯೂ ಅವನೂ ಸೇರಿ ಹುಲ್ಲು ಎಳೆದರು. ಕೆಳಗಿನ ಎರಿ ಹಿಟ್ಟಿನ ಹಾಗೆ ನಾದಿಕೊಂಡಿತ್ತು. ಬಾಯಿಗಲ್ಲು ತೆಗೆದಾಗ ಬಂದ ವಾಸನೆಗೆ ಸೋಮನಿಂಗ ಮೂಗು ಮುಚ್ಚಿಕೊಂಡ. ಆದರೂ ಇಳಿಯಲು ಕಾಲು ಬಿಟ್ಟ.

"ಸಾಯ್ತೀ ಏನಲೇ?" ಅವ್ವ ಅವನ ಅಂಗಿ ಹಿಡಿದು ಜಗ್ಗಿದಳು. "ಕಂದೀಲು ತಾ."

ಹಗ್ಗಕ್ಕೆ ಕಟ್ಟಿ ಇಳಿಸಿದ ಕಂದೀಲು ಮೊಳ ದಾಟುವುದರೊಳಗೆ ಆರಿತು. ಒಳಗಿನ ಗಾಳಿ ಕೆಟ್ಟಿತ್ತು. ಬೇವಿನ ಟೊಂಗೆ ಕಡಿದು ತಂದು ಒಳಗೆ ಬಿಡುವುದು, ಮೇಲೆಳೆಯುವುದು, ಗಾಳಿ ಬದಲಾಗುವವರೆಗೆ ಅದೇ ಕೆಲಸ. ಶೇವಂತೆವ್ವ ಪಕ್ಕದಲ್ಲಿ ರಾಡಿಯಲ್ಲೇ ಕೂತಿದ್ದಳು, ಸೊಸೆಯ ಕಡೆ ತಿರುಗಿ ನೋಡಲಿಲ್ಲ. ಸೂರ್ಯ ನೆತ್ತಿಗೆ ಬಂದಾಗ ಕಂದೀಲು ಆರದೆ ಉರಿಯಿತು.

ಗುರಲಿಂಗಪ್ಪನ ಬಾಯಿ ಆಗ ತೆರೆಯಿತು. "ಎಲ್ಲಾ ಆ ಅಮೋಘನ ಕೆಲಸ. ಬರಲಿ ಅಂವ, ಕಾಲು ಮುರಿದು—"

"ಅಣ್ಣನ ಯಾಕ ಅಂತೀರಿ? ಸಲಿಕಿ ಹಿಡದಾಕಿ ನಾನು," ಎಂದಳು ಇಂದ್ರಾಬಾಯಿ. ಮಾವನ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಸೀರೆ ಕಚ್ಚೆ ಹಾಕಿ, ಗಂಡನ ಕೈಯಿಂದ ಹಗ್ಗ ಕಸಿದು ನಡುವಿಗೆ ಕಟ್ಟಿಕೊಂಡಳು. "ನಾನಽ ಇಳೀತೇನಿ. ಜಗ್ಗಿದ್ರ ಮ್ಯಾಲೆಳೀರಿ."

ಹಗೇವಿನ ಕೊರಳಲ್ಲಿ ಜೋಳ ಕಪ್ಪಗೆ ಗಟ್ಟಿಯಾಗಿ ಕೂತಿತ್ತು, ಹುಳು ಹಿಡಿದಿತ್ತು. ಬುಟ್ಟಿ ಬುಟ್ಟಿ ತುಂಬಿ ಮೇಲೆ ಕಳಿಸಿದಳು. ಬಿಸಿ, ಕೈ ಇಟ್ಟರೆ ಸುಡುವಷ್ಟು ಬಿಸಿ ಆ ಕೊಳೆತ ಕಾಳಿಗೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎಷ್ಟು ಹೊತ್ತು ಬಗೆದಳೋ. ಕೊನೆಗೆ ಕೈಗೆ ಒಣಗಿದ್ದು ತಾಗಿತು. ಬೊಗಸೆ ತುಂಬಿ ಕಂದೀಲಿನ ಬೆಳಕಿಗೆ ಹಿಡಿದಳು. ಮುತ್ತಿನಂಥ ಬಿಳಿಜೋಳ.

"ಐತಿ! ಅತ್ತಿ, ಐತಿ! ನಡುವಿಂದು ಉಳದೈತಿ!" ಎಂದು ಕೆಳಗಿನಿಂದ ಕೂಗಿದಳು.

ಸಂಜೆಯ ಹೊತ್ತಿಗೆ ಐದು ಚೀಲದಷ್ಟು ತಿಪ್ಪೆಗೆ ಹೋಯಿತು. ಏಳು ಚೀಲದಷ್ಟು ಉಳಿಯಿತು, ಆದರೆ ಬೆವೆತಿತ್ತು, ಬಿಸಿಲು ಕಾಣದಿದ್ದರೆ ಅದೂ ಕೆಡುವುದೇ. ರಾಡಿಯ ಅಂಗಳದಲ್ಲಿ ಎಲ್ಲಿ ಹರವುವುದು? ಗುರಲಿಂಗಪ್ಪ ಎದ್ದು ಹುಲ್ಲಿನ ಸುರುಳಿಯ ಒಂದು ತುದಿ ಹಿಡಿದ. ಅಪ್ಪ ಮಗ ಅದನ್ನು ಎಳೆದುಕೊಂಡು ಹೋಗಿ ಹೆದ್ದಾರಿಯ ಆಚೆಯ ಹಾಸುಬಂಡೆಯ ಮೇಲೆ ಬೋರಲು ಹಾಸಿ, ಬೆನ್ನಿಗೆ ಹತ್ತಿದ ಎರಿ ತೊಳೆದು ಒರೆಸಿದರು. ನುಣ್ಣಗಿನ ಬೆನ್ನಿನ ಮೇಲೆ ನಾಲ್ಕು ದಿನ ಜೋಳ ಒಣಗಿತು. ಆ ನಾಲ್ಕೂ ದಿನ ಇಂದ್ರಾಬಾಯಿ ಕೋಲು ಹಿಡಿದು ಹಕ್ಕಿ ಕಾದಳು. ಶೇವಂತೆವ್ವ ಆಕೆಯೊಡನೆ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಬಡಿಸಿದರೆ ಉಂಡಳು, ಎಣ್ಣೆ ಹಚ್ಚಲು ಹೋದರೆ ಕಾಲು ಎಳೆದುಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಇಂದ್ರಾಬಾಯಿ ಬಂಡೆಯ ಮೇಲೆ ಕೂತು ಅತ್ತಳು.

ಐದನೇ ದಿನ ಜೋಳ ಹೊತ್ತು ಮನೆಗೆ ಬಂದರೆ ಅಂಗಳದಲ್ಲಿ ಚಕ್ಕಡಿ ನಿಂತಿತ್ತು. ಗುರಲಿಂಗಪ್ಪ ಮೈ ತುಂಬ ಕೆಸರು ಮಾಡಿಕೊಂಡು ಎರಿ ಅಗೆದು ಅದಕ್ಕೆ ತುಂಬುತ್ತಿದ್ದ. ಗೋಡೆ ಬುಡದ ಹಳೆಯ ಕಾಲುವೆ ಅರ್ಧ ಬಾಯಿ ಬಿಟ್ಟಿತ್ತು.

"ಏನ ನೋಡ್ತೀ? ಎರಿ ತಂದಾಂವ ನಾ, ಒಯ್ಯಾಂವನೂ ನಾನಽ," ಎಂದ ಸೊಸೆಗೆ, ತಲೆ ಎತ್ತದೆ.

ಹಗೇವಿಗೆ ಹೊಸ ಕಣಿಕೆ ಹಾಕಿ, ಒಂದು ಚೀಲ ಹೊರಗಿಟ್ಟು ಉಳಿದ ಕಾಳು ತುಂಬಿ, ಕಲ್ಲು ಮುಚ್ಚಿದರು. ಶೇವಂತೆವ್ವ ಕೋಲೂರಿಕೊಂಡು ಬಂದು, ಹದಮಾಡಿದ ಮಣ್ಣಿನ ಬುಟ್ಟಿಯನ್ನು ಕಾಲಿನಿಂದ ಇಂದ್ರಾಬಾಯಿಯ ಮುಂದೆ ಸರಿಸಿದಳು.

"ಕಟ್ಟು."

"ನಾನಾ ಅತ್ತಿ?"

"ಮತ್ಯಾರು? ನನಗ ಬಗ್ಗಾಕ ಬರೂದಿಲ್ಲ. ಇನ್ನ ಮ್ಯಾಲ ಈ ಹಗೇವು ನಿಂದು." ಶೇವಂತೆವ್ವ ಕಲ್ಲಿನ ಮೇಲೆ ಕೋಲು ಊರಿ ಹೇಳಿದಳು, "ತಿಳಕೊಂಡು ಹಿಡಿ. ಕೆಟ್ಟರ ಊರೆಲ್ಲಾ ನಿನ್ನ ಹೆಸರು ಹೇಳ್ತೈತಿ. ಉಳದ್ರ ಯಾರೂ ಹೇಳೂದಿಲ್ಲ. ಮೂವತ್ತು ವರ್ಷ ನನ್ನ ಹೆಸರು ಯಾರು ಹೇಳ್ಯಾರ?"

ಇಂದ್ರಾಬಾಯಿ ಮಣ್ಣಿಗೆ ಕೈ ಹಾಕಿದಳು. ಆಕೆ ಮೆತ್ತಿದ ದಿಬ್ಬ ಸ್ವಲ್ಪ ಸೊಟ್ಟಗಾಯಿತು. ಅತ್ತೆ ಕೋಲಿನಿಂದ ಅಲ್ಲಲ್ಲಿ ತಿವಿದು ತೋರಿಸಿದಳು, ಅಲ್ಲಿ ಇನ್ನಷ್ಟು, ಇಲ್ಲಿ ಸಾಕು.

ಅಂದು ರಾತ್ರಿ ಊಟಕ್ಕೆ ಹಗೇವಿನ ಜೋಳದ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ. ರೊಟ್ಟಿಗೆ ಇನ್ನೂ ಒಂದಿಷ್ಟು ಹುಳಿ ವಾಸನೆಯಿತ್ತು. ಆದರೂ ಎಲ್ಲರೂ ಉಂಡರು. ಶೇವಂತೆವ್ವ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಮುರಿದ ರೊಟ್ಟಿಯ ಅರ್ಧ ಆಕೆಯ ತಟ್ಟೆಗೆ ಹಾಕಿದಳು. ಇಂದ್ರಾಬಾಯಿ ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಹೊರಗೆ ತಗಡಿನ ಮೇಲೆ ಟಪ್ ಟಪ್ ಎಂದು ಹನಿ ಬಿದ್ದವು.

ಶೇವಂತೆವ್ವ ರೂಢಿಯಂತೆ ಕೋಲಿಗೆ ಕೈ ಚಾಚಿದಳು. ಪಕ್ಕದ ತಟ್ಟೆಯ ಮುಂದೆ ಆಗಲೇ ಯಾರೂ ಇರಲಿಲ್ಲ.

"ಉಂಡಾದರೂ ಹೋಗಽ, ಹಗೇವಿಗೆ ಕಾಲು ಬಂದು ಓಡತೈತೇನ?" ಎಂದು ಅತ್ತೆ ಕೂಗಿದಳು. ಕೋಲು ಕೆಳಗಿಟ್ಟು, ಮೊದಲ ಸಲ, ಮಳೆ ಬೀಳುತ್ತಿದ್ದರೂ ಕೂತಲ್ಲೇ ಕೂತು ತನ್ನ ರೊಟ್ಟಿಯನ್ನು ಪೂರ್ತಿ ಉಂಡಳು.